ಮೂರು ಹುಣ್ಣಿಮೆಯ ಕಟ್ಟಳೆ

ಭಾನುವಾರ ಮಧ್ಯಾಹ್ನಗಳಲ್ಲಿ ಸ್ವೀಡನ್ನಿನ ಓರೆಬ್ರೂ ಊರಿನ ಲೈಬ್ರರಿಯಲ್ಲಿ ನಾವು ಐದು ಜನ ಸೇರಿ, ದಾಳ ಉರುಳಿಸುತ್ತ ಒಂದು ಕಾಲ್ಪನಿಕ ಲೋಕದ ಆಟ ಆಡುತ್ತಿದ್ದೆವು. ಆ ಲೋಕದ ಕಾಡುಜನರ ರೀತಿ ರಿವಾಜುಗಳನ್ನು ಕಟ್ಟುವುದು ನನ್ನ ಪಾಲಿಗೆ ಬಂತು. ಕೆಲಸ ಹೋಗಿ ಮನೆಯಲ್ಲಿ ಕೂತಿದ್ದೆ, ಹೊತ್ತು ಬೇಕಾದಷ್ಟಿತ್ತು.

ಹಾಡು, ಹಬ್ಬ, ದೇವರು ಯಾವುದೂ ಹೊಳೆಯಲಿಲ್ಲ. ಒಂದೇ ಒಂದು ಕಟ್ಟಳೆ ಬರೆದೆ. ಹೊರಗಿನವನು ಈ ಕಾಡಿನ ಯಾವುದಾದರೂ ಗುಡಿಸಲಿಗೆ ದುಡಿಯುತ್ತಿರುವವರೆಗೆ ಇಲ್ಲಿರಬಹುದು. ಆ ಗುಡಿಸಲಿನವರು ಬೇಡವೆಂದರೆ ಮೂರು ಹುಣ್ಣಿಮೆಯೊಳಗೆ ಇನ್ನೊಂದು ಗುಡಿಸಲು ಹುಡುಕಿಕೊಳ್ಳಬೇಕು. ಸಿಗದಿದ್ದರೆ ಹೆಂಡತಿ ಮಗುವನ್ನು ಕರೆದುಕೊಂಡು ಕಾಡು ಬಿಡಬೇಕು. ಮಗು ಆ ಕಾಡಿನ ಭಾಷೆಯಲ್ಲೇ ಕನವರಿಸಿದರೂ ಸರಿ, ಬಿಡಬೇಕು.

ಆಟ ನಡೆಸುತ್ತಿದ್ದವಳು ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ಓದಿ ಮುಖ ಕಿವುಚಿದಳು. "ಅಂಕಲ್, ಇದು ಟೂ ಮಚ್. ಇಂಥ ಜನ ಎಲ್ಲಾದ್ರೂ ಇರ್ತಾರಾ? ಯಾರೂ ನಂಬಲ್ಲ."

ನನ್ನ ವರ್ಕ್ ಪರ್ಮಿಟ್ಟಿನ ನಿಯಮವನ್ನೇ ನಕಲು ಮಾಡಿದ್ದೇನೆ ಎಂದು ಹೇಳಬೇಕೆನಿಸಿತು. ಹೇಳಿ ಏನಾಗಬೇಕು? ಅವರ ಕನಿಕರ ಯಾರಿಗೆ ಬೇಕಿತ್ತು!

"ಹೌದಮ್ಮ, ಸ್ವಲ್ಪ ಜಾಸ್ತಿ ಆಯ್ತು," ಎಂದೆ.

ಕಾಡಿಗೆ ಬಂದವರೆಲ್ಲ ಇರಲಿ ಎಂದು ಎಲ್ಲರೂ ಕೈ ಎತ್ತಿದರು, ನಾನೂ ಎತ್ತಿದೆ. ಅವಳು ನನ್ನ ಸಾಲುಗಳನ್ನು ರಬ್ಬರಿನಿಂದ ಉಜ್ಜಿ ಅಳಿಸಿ, ಪುಡಿಯನ್ನು ಉಫ್ ಎಂದು ಊದಿದಳು. ಕಾಡಿನಲ್ಲಿ ಎಲ್ಲರಿಗೂ ಜಾಗವಾಯಿತೆಂಬ ಖುಷಿಯಲ್ಲಿ ಅವರು ಫಿಕಾ ಎನ್ನುವ ಇಲ್ಲಿನ ಕಾಫಿ ವಿರಾಮಕ್ಕೆ ಎದ್ದರು. ನನ್ನ ಮೂರು ಹುಣ್ಣಿಮೆಯಲ್ಲಿ ಉಳಿದಿದ್ದದ್ದು ಹನ್ನೊಂದು ದಿನ.