ನೀಲಿ ಸೀಸೆಯ ಮದ್ದು

ಆ ಸಂಶೋಧನಾಲಯದಲ್ಲಿ ವಾಸಿಯಾಗದ ಕಾಯಿಲೆಯೇ ಇರಲಿಲ್ಲ. ಒಂದೇ ಷರತ್ತು, ರೋಗಿ ಇಲಿಯಾಗಿರಬೇಕು. ಸಕ್ಕರೆ ಕಾಯಿಲೆ ಹೋಯಿತು, ಗಡ್ಡೆ ಕರಗಿತು, ಬೋಳು ಬೆನ್ನಿನಲ್ಲಿ ಕೂದಲೂ ಬಂತು. ಪ್ರತಿ ಸಲವೂ ಪತ್ರಿಕೆಗಳು ದಪ್ಪಕ್ಷರದಲ್ಲಿ ಸುದ್ದಿ ಹಾಕುತ್ತಿದ್ದವು. ಇಲಿ ಎಂಬ ಮಾತು ಮಾತ್ರ ಕೊನೆಯ ಸಾಲಿನಲ್ಲೆಲ್ಲೋ ಮುದುರಿ ಕೂತಿರುತ್ತಿತ್ತು. ಈ ಭಾಗ್ಯವಂತ ಇಲಿಗಳಿಗೆ ಹೊಟ್ಟು ಹಾಸಿ, ನೀರಿಟ್ಟು, ಪಂಜರ ತೊಳೆಯುತ್ತಿದ್ದವನನ್ನು ಎಲ್ಲರೂ ಇಲಿಯಪ್ಪ ಎನ್ನುತ್ತಿದ್ದರು. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಗಷ್ಟೇ ಬಳಕೆಯಾಗುತ್ತಿತ್ತು.

ಆ ಹೆಸರಿಟ್ಟ ತಾಯಿ ಈಗ ಅದನ್ನು ಮರೆತಿದ್ದಳು. ಹೆಸರೇನು ಬಂತು, ಮಗನನ್ನೇ ಮರೆತಿದ್ದಳು. ಒಂದು ಸಂಜೆ ಅವನು ಕೋಣೆಗೆ ಕಾಲಿಟ್ಟಾಗ, "ಬನ್ನಿ, ನಲ್ಲಿ ರಿಪೇರಿಗೆ ಬಂದ್ರಾ? ಬಚ್ಚಲು ಆ ಕಡೆ," ಎಂದಳು. ನಲ್ಲಿ ನಿಜವಾಗಿಯೂ ಸೋರುತ್ತಿತ್ತು. ಇಲಿಯಪ್ಪ ಹೋಗಿ ಅದನ್ನು ಸರಿಮಾಡಿದ, ಆಮೇಲೆ ಬಚ್ಚಲಲ್ಲೇ ಕೂತು ಅತ್ತ. ಅಂದಿನಿಂದ ಆ ಕೋಣೆಯ ಬಾಗಿಲು ಕಂಡರೆ ಅವನ ಕಾಲು ತಾನಾಗಿಯೇ ಟಿವಿಯ ಕಡೆ ತಿರುಗುತ್ತಿತ್ತು. ಊಟ ಕೊಡುವುದು, ಬಟ್ಟೆ ಬದಲಿಸುವುದು ಎಲ್ಲ ಹೆಂಡತಿಯ ಪಾಲಿಗೆ ಬಂತು.

ಹೀಗಿರುವಾಗ ಸಂಶೋಧನಾಲಯದಲ್ಲಿ ಮರೆವಿನ ಔಷಧಿಯ ಪ್ರಯೋಗ ಶುರುವಾಯಿತು. ಪ್ರಯೋಗ ಶುರುವಾಗುವುದರೊಳಗೆ ಪತ್ರಿಕೆಯವರು ಕಾಯಿಲೆ ವಾಸಿಮಾಡಿಬಿಟ್ಟಿದ್ದರು.

"ರೀ, ಇದು ನಿಮ್ಮ ಆಫೀಸೇ ಅಲ್ವಾ?" ಹೆಂಡತಿ ಪತ್ರಿಕೆ ಮುಂದೆ ಹಿಡಿದಳು.

"ಹೌದು. ಆದ್ರೆ ಅದು ಇಲಿಗಳಿಗೆ ಕಣೇ."

"ಇಲಿಗೆ ಒಗ್ಗಿದ್ದು ಅತ್ತೆಗೆ ಒಗ್ಗಲ್ವಾ? ಲೋಕದ ಇಲಿಗಳನ್ನೆಲ್ಲ ಉದ್ಧಾರ ಮಾಡ್ತೀರ. ಹೆತ್ತ ತಾಯಿಗೆ ನಾಲ್ಕು ಹನಿ ತರೋಕೆ ಕೈ ಬರಲ್ಲ."

ಮಾತು ನಾಟಿತು. ಆದರೆ ಒಂದು ತೊಡಕಿತ್ತು. ಔಷಧಿಯನ್ನು ಉಪ್ಪುನೀರಿನಲ್ಲಿ ಕರಗಿಸಿ ಒಂದು ಬಣ್ಣದ ಸೀಸೆಗೆ ತುಂಬಿದ್ದರು. ಇನ್ನೊಂದು ಬಣ್ಣದ ಸೀಸೆಯಲ್ಲಿ ಬರೀ ಉಪ್ಪುನೀರು, ಹೋಲಿಸಿ ನೋಡಲೆಂದು ಅರ್ಧ ಇಲಿಗಳಿಗೆ ಅದು. ಕೆಂಪಿನಲ್ಲಿ ಏನಿದೆ, ನೀಲಿಯಲ್ಲಿ ಏನಿದೆ ಎಂಬ ಗುಟ್ಟನ್ನು ಪ್ರೊಫೆಸರ್ ಮೇಡಂ ಪ್ರಯೋಗ ಮುಗಿಯುವ ತನಕ ಕಂಪ್ಯೂಟರಿನೊಳಗೆ ಬೀಗ ಹಾಕಿಟ್ಟಿದ್ದರು. ಗೊತ್ತಾದರೆ ಕೆಲಸಗಾರರ ಕಣ್ಣು ಪಕ್ಷಪಾತ ಮಾಡುತ್ತದಂತೆ. ಇಲಿಯಪ್ಪ ತನ್ನದೇ ಸಂಶೋಧನೆಗೆ ಇಳಿದ. ತೊಟ್ಟಿಯ ನೀರಿನಲ್ಲಿ ಈಜಿ, ಮುಳುಗಿಸಿಟ್ಟ ಮಣೆಯನ್ನು ನೆನಪಿನಿಂದ ಹುಡುಕುವ ಪರೀಕ್ಷೆಯಲ್ಲಿ ಕಿವಿ ಹರಿದ ಒಂದು ಇಲಿ ಯಾವಾಗಲೂ ಎಲ್ಲಕ್ಕಿಂತ ಮುಂದು. ಅದು ನೀಲಿ ಸೀಸೆಯ ಇಲಿ. ನಮ್ಮ ವಿಜ್ಞಾನಿಗೆ ಅಷ್ಟು ಸಾಕಾಯಿತು. ಕೆಲಸ ಮುಗಿದ ಮೇಲೆ ಚೆಲ್ಲಬೇಕಾಗಿದ್ದ ನೀಲಿ ಸೀಸೆಯ ತಳದ ನೀರು ಅವನ ಜೇಬು ಸೇರಿತು.

ಮದ್ದು ಕೊಟ್ಟ ಮೇಲೆ ಪರೀಕ್ಷೆ ನಡೆಸಬೇಕೆಂಬ ಕ್ರಮ ಅವನಿಗೆ ಗೊತ್ತಿತ್ತು. ದಿನವೂ ಸಂಜೆ ತಾಯಿಯ ಬಾಯಿಗೆ ಒಂದು ಚಮಚ ಹಾಕುವನು. ಅವಳು ಮುಖ ಕಿವುಚುವಳು. ಅವನು ಮಂಚದ ಪಕ್ಕ ಕೂತು ಕೇಳುವನು. ಹಳೇ ಮನೆಯ ಬಾಗಿಲಿಗೆ ಯಾವ ಬಣ್ಣ? ಅಪ್ಪ ಸೈಕಲ್ಲಿನಿಂದ ಬಿದ್ದದ್ದು ಎಲ್ಲಿ? ಉತ್ತರ ಬಾರದಿದ್ದರೆ ತಾನೇ ಹೇಳಿಕೊಡುವನು, ದಾರಿ ತಪ್ಪಿದ ಇಲಿಗೆ ಮಣೆ ತೋರಿಸಿದ ಹಾಗೆ. ಬಹಳ ದಿನ ಅವನು ನಲ್ಲಿಯವನಾಗಿಯೇ ಉಳಿದ. ಆಮೇಲೊಂದು ಸಂಜೆ ತಾಯಿ ಅವನ ಅಂಗಿಯ ಜೇಬು ತಡವಿ, "ಇವತ್ತೂ ಅಳಿಲು ಮರಿ ಇಟ್ಕೊಂಡಿದೀಯಾ ಪುಟ್ಟಾ? ಮೇಷ್ಟ್ರು ಹೊಡೀತಾರೆ ಕಣೋ," ಎಂದಳು.

ಅಳಿಲು ಮರಿಯನ್ನು ಶಾಲೆಗೆ ಒಯ್ದು ಏಟು ತಿಂದದ್ದು ಅವನ ಪ್ರಶ್ನೆಗಳಲ್ಲಿ ಇರಲೇ ಇಲ್ಲ. ಇಲಿಯಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಹೆಂಡತಿ ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಗೋಡೆಗೆ ಅಂಟಿಸಿದಳು.

ಪ್ರಯೋಗ ಮುಗಿದ ದಿನ ಮೇಡಂ ಎಲ್ಲರನ್ನೂ ಕರೆದು ಗುಟ್ಟು ಬಿಚ್ಚಿದರು. ಕೆಂಪು ಔಷಧಿ, ನೀಲಿ ಬರೀ ಉಪ್ಪುನೀರು. ಇಲಿಗಳಿಗೆ ಮತ್ತೊಮ್ಮೆ ವಾಸಿಯಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ಒಬ್ಬನನ್ನು ಬಿಟ್ಟು.

"ಆ ಕಿವಿ ಹರಿದದ್ದು, ಮೇಡಂ?"

"ಅದಾ? ಹುಟ್ಟಿನಿಂದಲೇ ಚುರುಕು. ಒಂದು ಇಲಿ ನೋಡಿ ಏನೂ ಹೇಳೋಕಾಗಲ್ಲ."

ಮನೆಯಲ್ಲಿ ವಿಷಯ ಕೇಳಿ ಹೆಂಡತಿ ಎದೆಗುಂದಲಿಲ್ಲ. "ಉಪ್ಪುನೀರಿಗೇ ಇಷ್ಟು ಗುಣ ಆದ್ರೆ, ಕೆಂಪು ಕೊಟ್ರೆ ಅತ್ತೆ ಲೆಕ್ಕಪಾಠ ಹೇಳ್ಕೊಡ್ತಾರೆ. ಅದನ್ನೇ ತನ್ನಿ," ಎಂದಳು. ಆದರೆ ಕೆಂಪು ಸೀಸೆಗಳು ಆಗಲೇ ಮೇಡಂ ಬೀಗ ಹಾಕುವ ಬೀರು ಸೇರಿದ್ದವು. ಮದ್ದು ನಿಂತರೆ ತಾನು ಮತ್ತೆ ನಲ್ಲಿಯವನಾಗಿಬಿಡುತ್ತೇನೆ ಎಂದು ಇಲಿಯಪ್ಪನಿಗೆ ಜೀವ ಹಾರಿತು. ಅಡುಗೆಮನೆಗೆ ಹೋಗಿ, ಲೋಟದ ನೀರಿಗೆ ಉಪ್ಪು ಹಾಕಿ ಕಲಕಿದ. ಅವಸರದಲ್ಲಿ ಉಪ್ಪು ಹೆಚ್ಚೇ ಬಿತ್ತು.

ತಾಯಿ ತುಟಿಗೆ ತಾಗಿಸಿಕೊಂಡು ಚಮಚ ಪಕ್ಕಕ್ಕೆ ಸರಿಸಿದಳು. "ಬೇಡ ಪುಟ್ಟಾ. ಇವತ್ತು ತೀರಾ ಉಪ್ಪು."

"ಮದ್ದಮ್ಮಾ ಅದು. ಇಷ್ಟು ದಿನ ಕುಡೀತಿದ್ಯಲ್ಲ."

"ಕುಡೀದೇ ಇದ್ರೆ ನೀನು ಬಂದು ಕೂರ್ತಿದ್ಯಾ?"