ಬಣ್ಣದಕ್ಕನ ಹಳದಿ

ಬೆಟ್ಟದ ತುದಿಗೆ ಹೋಗುವ ಕಾಲುದಾರಿಯ ಬಂಡೆಗಳ ಮೇಲೆ ಅಂಗೈಯಗಲದ ಹಳದಿ ಗುರುತುಗಳಿವೆ. ಮಂಜು ಕವಿದಾಗ ಹತ್ತುವವರಿಗೆ ಅವೇ ದಿಕ್ಕು. ವರ್ಷವರ್ಷವೂ ಅವಕ್ಕೆ ಬಣ್ಣ ಬಳಿಯುವವಳನ್ನು ಊರೆಲ್ಲ ಬಣ್ಣದಕ್ಕ ಎನ್ನುತ್ತದೆ. ಮೊದಲು ಆ ಕೆಲಸ ಅವಳ ಅತ್ತೆಯದು. ಮದುವೆಯಾಗಿ ಬಂದ ಹೊಸತರಲ್ಲಿ ಅಡುಗೆಮನೆಯ ಮೂಲೆಯಲ್ಲಿ ಮುಖ ಬಾಡಿಸಿಕೊಂಡು ನಿಂತಿದ್ದ ಸೊಸೆಯ ಕೈಗೆ ಅತ್ತೆ ಬ್ರಷ್ ಕೊಟ್ಟು, "ಬಾರೇ, ಗಾಳಿ ಕುಡಿದು ಬರೋಣ" ಎಂದು ಕರೆದೊಯ್ದಿದ್ದಳು. ಆ ಉಪಕಾರವನ್ನು ಬಣ್ಣದಕ್ಕ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಈಗ ಮಂಡಿನೋವಿನ ಅತ್ತೆ ಕಿಟಕಿಯ ಬಳಿ ಕೂತೇ ಬೆಟ್ಟ ಕಾಯುತ್ತಾಳೆ.

ಈ ಸಲ ಮಂಜಿನಲ್ಲಿ ಒಬ್ಬರು ಮೇಷ್ಟ್ರು ದಾರಿ ತಪ್ಪಿ ಕಮರಿಯ ಅಂಚಿಗೆ ಹೋಗಿ ನಿಂತರಂತೆ. ಹೇಗೋ ಇಳಿದು ಬಂದವರು, "ಗುರುತು ನೋಡ್ಕೊಂಡೇ ಹೋದೆನಮ್ಮಾ" ಎಂದಾಗ ಬಣ್ಣದಕ್ಕ ತನ್ನನ್ನೇ ಕೇಳಿಕೊಂಡಳು. ಎಲ್ಲಿ ಕೈತಪ್ಪಿ ಬಳಿದೆ? ಇನ್ನೊಬ್ಬರು ಹೀಗೇ ಹೋದರೆ?

ಮರುದಿನ ಮಂಜು ಇರುವಾಗಲೇ ಹೊರಟಳು. ಹಳದಿಯಿಂದ ಹಳದಿಗೆ ನಡೆಯುತ್ತಿದ್ದವಳು ಕಾಲಡಿಯ ಕಲ್ಲುಚೂರು ಸರಿದಾಗ ಗಕ್ಕನೆ ನಿಂತಳು. ಮುಂದೆ ನೆಲವಿರಲಿಲ್ಲ. ಪಕ್ಕದ ಬಂಡೆಯ ಹಳದಿಗೆ ಕೈಯಿಟ್ಟಳು. ಒಣಗಿ ಬಿರಿದ ಕೆಸರಿನಂತೆ ತರಿತರಿ. ಬಣ್ಣವಲ್ಲ, ಬಂಡೆಯ ಮೇಲೆ ತಾನಾಗಿ ಬೆಳೆಯುವ ಕಲ್ಲುಹೂವು. ಎಲೆಯಂತೆ ಎದ್ದು ನಿಲ್ಲುವ ಜಾತಿಯಲ್ಲ. ಗಾಯದ ಹಕ್ಕಳೆಯಂತೆ ಕಲ್ಲಿಗೇ ಕಚ್ಚಿಕೊಂಡದ್ದು. ಹಳೇ ಬಣ್ಣ ಕೆರೆಯುವ ಪಟ್ಟಿಯಿಂದ ಕೆರೆದಳು. ಕಲ್ಲು ಪುಡಿಯಾಯಿತೇ ಹೊರತು ಹಳದಿ ಬಿಟ್ಟುಬರಲಿಲ್ಲ.

ತಪ್ಪು ತನ್ನದಲ್ಲವೆಂದು ಹಗುರಾದ ಮನಸ್ಸು ಇಳಿಯುವಾಗ ಮತ್ತೆ ಭಾರವಾಯಿತು. ಇನ್ನು ಗುರುತುಗಳ ಬಣ್ಣವನ್ನೇ ಬದಲಿಸಬೇಕು. ಮಂಜಿನಲ್ಲಿ ಬಿಳಿ ಕಾಣುವುದಿಲ್ಲವೆಂದು ಗುರುತುಗಳನ್ನು ಹಳದಿ ಮಾಡಿದವಳು ಅತ್ತೆ. ಆ ಹಳದಿಯೆಂದರೆ ಅತ್ತೆಗೆ ಪ್ರಾಣ. ಅದು ಬೇಡವೆಂದು ಯಾವ ಬಾಯಲ್ಲಿ ಹೇಳುವುದು?

"ಏನೇ, ಬಾಯಿಗೆ ಬೀಗ ಹಾಕ್ಕೊಂಡು ಬಂದಿದೀಯ?" ಅತ್ತೆ ಕೇಳಿದಳು.

"ಏನಿಲ್ಲ ಅತ್ತೆ. ಈ ವರ್ಷ ಬೇರೆ ಬಣ್ಣ ಬಳಿಯೋಣ ಅಂತ. ಅಂಗಡೀಲಿ ಹಳದಿ ಸಿಗ್ತಿಲ್ಲ."

"ಸುಳ್ಳು ಹೇಳೋಕೂ ಕೈ ಪಳಗಿರಬೇಕು ಕಣೇ. ಅಂಗಡಿಯವನು ಬೆಳಿಗ್ಗೆ ತಾನೇ ಡಬ್ಬ ಇಟ್ಟು ಹೋದ. ಬಾಗಿಲ ಹಿಂದೆ ನೋಡು."

ಸೊಸೆ ತಲೆತಗ್ಗಿಸಿ ಎಲ್ಲ ಹೇಳಿದಳು. ಅತ್ತೆ ಕಿಟಕಿಯತ್ತ ಮುಖ ತಿರುಗಿಸಿದಳು. ಆಮೇಲೆ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಸೊಸೆ ಹತ್ತಿರ ಹೋದರೆ, ನಗು!

"ಆ ಹಳದಿ ಎಲ್ಲಿಂದ ತಂದೆ ಅಂದ್ಕೊಂಡೆ? ಆ ಕಲ್ಲುಹೂವನ್ನ ನೋಡಿಯೇ! ಎಂಥ ಮಳೆಗೂ ಮಾಸಲ್ಲ ಅಂತ, ಕಲ್ಲಿನ ಚೂರನ್ನೇ ಅಂಗಡಿಗೆ ಒಯ್ದು, ಇದೇ ಬಣ್ಣ ಕೊಡಯ್ಯಾ ಅಂದಿದ್ದೆ. ಆಗ ಅದು ನಾಣ್ಯದಷ್ಟಿತ್ತು. ಬೆಳೆಯುತ್ತೆ ಅಂತ ಯಾರಿಗೆ ಗೊತ್ತು? ಎಂಥ ದಡ್ಡಿ ನಾನು!" ಕಣ್ಣೊರೆಸಿಕೊಂಡು ಕೇಳಿದಳು, "ಮೇಷ್ಟ್ರಿಗೆ ಏನೂ ಆಗಲಿಲ್ಲ ತಾನೇ?"

"ಇಲ್ಲ ಅತ್ತೆ."

"ಸದ್ಯ, ಬದುಕಿದೆ. ನೀಲಿ ತರಿಸು. ನೀಲಿ ಅದ್ಯಾವ ಕಲ್ಲಲ್ಲಿ ಬೆಳೆಯುತ್ತೋ ನೋಡೇಬಿಡೋಣ. ಆ ಕಲ್ಲುಹೂವನ್ನ ಮಾತ್ರ ಕೆರೀಬೇಡ, ಪಾಪ."

"ಕೆರೆದು ನೋಡಿದೆ. ಬರಲಿಲ್ಲ."

"ಎಲ್ಲಿ ಬರುತ್ತೆ? ಒಂದ್ಸಲ ಕಚ್ಚಿಕೊಂಡರೆ ಮುಗೀತು. ನಿನ್ನ ಹಾಗೇ."

ಬಣ್ಣದಕ್ಕ ಅತ್ತೆಯ ಪಕ್ಕ ಕೂತಳು. "ಅತ್ತೆ, ಅವತ್ತು ನೀವು ಕೈಗೆ ಬ್ರಷ್ ಕೊಡದೇ ಇದ್ದಿದ್ರೆ ನಾನು..."

"ಹೋಗೇ, ಬಿಸಿನೀರಿಡು. ಮಂಡಿ ನೋಯ್ತಿದೆ."

ಬಣ್ಣದಕ್ಕ ನೀರಿಟ್ಟಳು. ಬಿಸಿಬಟ್ಟೆಯನ್ನು ಆ ಮಂಡಿಗಳ ಮೇಲೆ ಎಂದಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿದಳು.