ದೊಡ್ಡವ್ವನ ತುಂಡು ಹರಕೆ

ನಾಲ್ಕು ವರ್ಷದ ಹಿಂದೆ, ಶಿವರಾತ್ರಿಗೆ ಮುಂಚಿನ ಸೋಮವಾರ ಬೆಳಿಗ್ಗೆ, ಪಣಕಹಳ್ಳಿಯ ದೇವಮ್ಮ ಯಳಂದೂರಿನಲ್ಲಿ ಬಸ್ಸಿಳಿದು, ಮಲೆ ಮಹದೇಶ್ವರನ ಬೆಟ್ಟದ ಕಡೆಗೆ ಹೋಗುವ ಬದಲು ಬಸ್ಸು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದಳು. ಕಾಲಲ್ಲಿ ಚಪ್ಪಲಿ ಇತ್ತು. ಹೆಗಲ ಚೀಲದಲ್ಲಿ ಹುರಿಹಿಟ್ಟು, ಬೆಲ್ಲ, ಒಂದು ಕಂಬಳಿ. ಬೆಟ್ಟಕ್ಕೆ ಹೊರಟಿದ್ದ ಗುಂಪೊಂದು ಎದುರಾಯಿತು. ಅದರಲ್ಲೊಬ್ಬ, ‘ಅಜ್ಜಿ, ಬೆಟ್ಟ ಇತ್ತಗ’ ಎಂದ.

‘ಗೊತ್ತು ಕಣಪ್ಪ. ನನ್ ದಾರಿ ಇನ್ನೂ ಇಂದಕ ಅದ, ಅದ್ನ ಕರ್ಕಂಡ್ ಬತ್ತಿನಿ’ ಎಂದು ಅವಳು ನಿಲ್ಲದೆ ನಡೆದಳು.

ದೇವಮ್ಮ ನನ್ನ ದೊಡ್ಡವ್ವ, ಅವ್ವನ ಅಕ್ಕ. ಆ ನಡಿಗೆಯಲ್ಲಿ ಅವಳ ಜೊತೆಗಿದ್ದವನು ನಾನು.

ಹರಕೆ ಅವಳದು; ಹರಕೆ ಹೊತ್ತದ್ದು ಅವಳ ಓರಗಿತ್ತಿ ನಂಜಮ್ಮನಿಗಾಗಿ. ಇಬ್ಬರದೂ ಒಂದೇ ಮನೆ, ನಡುವೆ ಒಂದು ಗೋಡೆ. ಮುಸುಕಿನ ಜೋಳದ ಹೊಲದಲ್ಲಿ ನಂಜಮ್ಮನಿಗೆ ಹಾವು ಕಚ್ಚಿತು. ತಮಿಳು ಸೀಮೆಯ ನಮ್ಮೂರಿಂದ ಗಡಿ ದಾಟಿಸಿ ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದರು. ದೊಡ್ಡವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು, ನಂಜಿ ಎದ್ದು ಕೂತರೆ ನಮ್ಮ ಹೊಸಿಲಿಂದ ನಿನ್ನ ಹೊಸಿಲವರೆಗೆ ಬರಿಗಾಲಲ್ಲಿ ನಡೆದು ಬರುತ್ತೇನೆ ಎಂದು ಬೆಟ್ಟದ ಮಾದಪ್ಪನಿಗೆ ಮಾತು ಕೊಟ್ಟಳು. ನಂಜಮ್ಮ ಎದ್ದು ಕೂತಳು. ಮಾತು ಕೊಡುವಾಗ ದೊಡ್ಡವ್ವ ತನ್ನ ಮಂಡಿಗಳನ್ನು ಕೇಳಿರಲಿಲ್ಲ.

ಮೊದಲ ವರ್ಷ ಊರ ಗುಂಪಿನ ಜೊತೆ ಹೊರಟವಳು ಚಾಮರಾಜನಗರ ತಲುಪುವಷ್ಟರಲ್ಲಿ ಮಂಡಿ ಊದಿ, ಒಂದು ದೇವಸ್ಥಾನದ ಜಗಲಿಯ ಮೇಲೆ ಕುಳಿತುಬಿಟ್ಟಳು. ಮಿಕ್ಕ ದಾರಿಗೆ ಬಸ್ಸು ಹತ್ತು, ದೇವರು ಬೇಡ ಅನ್ನುವುದಿಲ್ಲ ಎಂದು ಗುಂಪಿನವರು ಹೇಳಿದರು. ಅವಳು ಬಸ್ಸನ್ನೇನೋ ಹತ್ತಿದಳು, ಊರಿನ ಕಡೆಯದನ್ನು. ಮುಂದಿನ ವರ್ಷ ಅದೇ ಜಗಲಿಯ ಮುಂದೆ ಇಳಿದು, ಅಲ್ಲಿಂದ ನಡಿಗೆ ಸುರುಮಾಡಿದಳು.

ಅಲ್ಲಿಂದ ಪ್ರತಿ ವರ್ಷವೂ ಹೀಗೇ ನಡೆಯಿತು. ರಾಗಿ ಒಕ್ಕಣೆ ಮುಗಿದ ಮೇಲೆ ಅವಳು ಜಗಲಿಯಲ್ಲಿ ಮೊರ ಇಟ್ಟುಕೊಂಡು, ಅದರ ಮೇಲೆ ಜೋಳದ ಕಾಳುಗಳನ್ನು ಸಾಲಾಗಿ ಜೋಡಿಸುವಳು. ಒಂದೊಂದು ಕಾಳು ಒಂದೊಂದು ತಂಗುವ ಜಾಗ. ದೂರ ಎಷ್ಟೆಂದು ನನ್ನ ಫೋನಿನಲ್ಲಿ ನೋಡಿಸುವಳು, ಅದು ಹೇಳಿದ್ದನ್ನು ಪೂರಾ ನಂಬುವಳು. ಮಿಕ್ಕಿದ್ದಕ್ಕೆ ಕೋಸಿನ ಲೋಡಿಗೆ ಬಂದ ಲಾರಿ ಡ್ರೈವರುಗಳಿದ್ದರು. ಆ ದಾರಿಯಲ್ಲಿ ನೀರಿದೆಯೇ, ಹೆಂಗಸರು ಮಲಗಲು ಛತ್ರ ಇದೆಯೇ ಎಂದು ಅವರನ್ನು ತಮಿಳಿನಲ್ಲಿ ವಿಚಾರಿಸಿ, ಬಂದು ಕಾಳುಗಳನ್ನು ಹಿಂದೆ ಮುಂದೆ ಸರಿಸುವಳು. ಕೋಳಿ ಬಂದು ಕೊಳ್ಳೇಗಾಲವನ್ನು ನುಂಗಿದ್ದೂ ಉಂಟು.

ನಂಜಮ್ಮ ಗೋಡೆಯ ಆ ಕಡೆಯಿಂದ ಬಂದು, ಸೊಂಟಕ್ಕೆ ಕೈಕೊಟ್ಟು ನಿಲ್ಲುವಳು.

‘ಅಕ್ಕ, ಮುಡಿ ಅರಕ ಕೇಳಿವ್ನಿ, ಉರುಳುಸೇವ ಕೇಳಿವ್ನಿ. ಇದ್ಯಾವ್ದು ತುಂಡು ಅರಕ? ಯಾವ ದೇವ್ರು ಒಪ್ಕಂಡನು?’

‘ಸೀರ ಅರುದ್ರ ಒಲ್ಕಂಡು ಉಡಕಿಲ್ವಾ ಅಮ್ಮಿ? ಅಂಚಿಗ ಅಂಚು ಸೇರುದ್ರ ಆಯ್ತು.’

‘ನೀ ಒಲ್ದು ಮುಗ್ಸ ಒತ್ಗ ನಂಗ ಇನ್ನೊಂದು ಆವು ಕಚ್ಚಿರ್ತದ ಬುಡು.’

‘ಕಚ್ಚುದ್ರ ಅದ್ಕ ಬ್ಯಾರೆ ಯಾರ್ನಾರ ನೋಡ್ಕ. ನಂಗಿದೇ ಸಾಕಾಗದ.’

ಅಂಚಿಗೆ ಅಂಚು ಸೇರಿಸುವುದು ಅವಳ ಕಟ್ಟುನಿಟ್ಟು. ನಿಂತ ಕಡೆ ಒಂದು ಗುರುತು ಹಿಡಿಯುವಳು. ಮರುವರ್ಷ ಬಸ್ಸು ನಿಲ್ಲುವುದು ಗುರುತಿನಿಂದ ಮುಂದೆಯಾದರೆ, ಅಲ್ಲಿಗೆ ಹಿಂತಿರುಗಿ ನಡೆಯುವಳು. ಹಾಗೆ ನಡೆಯುವಾಗ ಚಪ್ಪಲಿ ಇರುತ್ತಿತ್ತು. ‘ಇಂದಕ ನಡಿಯದು ನನ್ ಬಾಬ್ತು ಕಣ್ಲಾ. ಮುಂದಕ ನಡಿಯದು ಮಾದಪ್ಪಂದು’ ಎನ್ನುವಳು. ಗುರುತು ಸಿಕ್ಕ ಕೂಡಲೇ ಚಪ್ಪಲಿ ಚೀಲಕ್ಕೆ ಹೋಗುತ್ತಿತ್ತು.

ಯಳಂದೂರಿನ ಈಚೆಗೆ ಅವಳು ಗುರುತು ಹಿಡಿದಿದ್ದು ಒಂದು ಹುಣಸೆಮರ. ನಾವು ಹಿಂದಕ್ಕೆ ನಡೆದ ಆ ಸೋಮವಾರ ಹುಣಸೆಮರ ಇರಲಿಲ್ಲ. ರಸ್ತೆ ಅಗಲ ಮಾಡಿದ್ದರು, ಎರಡೂ ಮಗ್ಗುಲಲ್ಲಿ ಕೆಂಪು ಮಣ್ಣು. ಟೀ ಅಂಗಡಿಯವನು ಮರ ಇಲ್ಲೇ ಇತ್ತು ಎಂದ. ಅವನ ಹೆಂಡತಿ ಇನ್ನೂ ಆಚೆಗೆ ಎಂದಳು. ಇಬ್ಬರೂ ಜಗಳಕ್ಕೆ ನಿಂತರು. ದೊಡ್ಡವ್ವ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಮತ್ತೆ ಹಿಂದಕ್ಕೆ ನಡೆಯಲು ಸುರುಮಾಡಿದಳು.

‘ಎಲ್ಲಿಗೆ ದೊಡ್ಡವ್ವ?’

‘ಸಂತೆಮರಳ್ಳಿಗ. ಅಲ್ಲಿಗಂಟ ನಡ್ದಿರದು ನಿಜ.’

ಅಂದಾಜಿನಲ್ಲಿ ಇಲ್ಲಿಂದಲೇ ಹೊರಡಬಹುದು, ನಾಲ್ಕು ಹೆಜ್ಜೆ ಹೆಚ್ಚುಕಮ್ಮಿಯಾದರೆ ಏನಾದೀತು ಎಂದೆ.

‘ದಾರಿಲಿ ತೂತು ಬುಟ್ರ ಮಾದಪ್ಪನ ಉಲಿ ಎಡವ್ತದ ಕಣ್ಲಾ’ ಎಂದಳು. ಹುಲಿಯ ಮೇಲೆ ಕೂತು ಬರುವ ದೇವರ ವಿಷಯದಲ್ಲಿ ಅವಳಿಗೆ ಇದು ತಮಾಷೆಯ ಮಾತಾಗಿರಲಿಲ್ಲ.

ಅದಕ್ಕೂ ಹಿಂದಿನ ವರ್ಷದ ಗುರುತಿದ್ದ ಸಂತೆಮರಹಳ್ಳಿಯಿಂದ ಯಳಂದೂರಿನವರೆಗಿನ ದಾರಿಯನ್ನು ಅವಳು ಎರಡನೇ ಸಲ ನಡೆದಳು. ಆ ವರ್ಷ ಕೊಳ್ಳೇಗಾಲ ದಾಟುವ ಲೆಕ್ಕವಿತ್ತು. ಮಾಂಬಳ್ಳಿಯ ಹತ್ತಿರ ಮಂಡಿ ಕೈಕೊಟ್ಟಿತು. ವಾಪಸು ಬರುವ ಬಸ್ಸಿನಲ್ಲಿ ಕಾಲು ನೀವಿಕೊಳ್ಳುತ್ತಾ, ‘ಒಂದು ವರ್ಷ ಇಂದಕ ಬಿತ್ತು. ಕಾಲು ಅಷ್ಟು ವರ್ಷ ತಡ್ದಾವಾ ಅಂತ’ ಎಂದಳು. ಅವಳು ಅಂಜಿದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಆಮೇಲೆ ಅವಳು ಮರಗಳನ್ನು ನಂಬಲಿಲ್ಲ. ಮರುವರ್ಷ ಮಾಂಬಳ್ಳಿಯಿಂದ ಹನೂರು, ಅದರ ಮುಂದಿನ ವರ್ಷ ಹನೂರಿನಿಂದ ಕೌದಳ್ಳಿಯ ಈಚಿನ ಒಂದು ಬಂಡೆ. ‘ಬಂಡ ಯಾರೂ ಕೀಳಕಿಲ್ಲ’ ಎಂದು ಅದರ ಮೇಲೆ ಕೈಯಾಡಿಸಿ ಬಂದಳು.

ಅವಳನ್ನು ನಾನು ಕೊನೆಗೆ ನೋಡಿದ್ದು ಹೋದ ವರ್ಷಕ್ಕೆ ಹಿಂದಿನ ವರ್ಷದ ದೀಪಾವಳಿಯಲ್ಲಿ. ಗುಮಟಾಪುರದಲ್ಲಿ ಸಗಣಿ ಎರಚಾಡುವ ಹಬ್ಬ ನೋಡಿಕೊಂಡು ಪಣಕಹಳ್ಳಿಗೆ ಹೋಗಿದ್ದೆ. ಅವಳು ಹಾಸಿಗೆ ಹಿಡಿದಿದ್ದಳು. ನನ್ನ ಬಟ್ಟೆಯ ವಾಸನೆಗೆ ಮೂಗು ಮುಚ್ಚಿಕೊಂಡು ನಕ್ಕು, ಮೊರ ತರಿಸಿಕೊಂಡಳು. ಅದರಲ್ಲಿ ಮೂರು ಕಾಳು ಇಟ್ಟಳು: ಬಂಡೆ, ಬೆಟ್ಟದ ಬುಡದ ತಾಳುಬೆಟ್ಟ, ಮಾದಪ್ಪ.

‘ತಾಳುಬೆಟ್ಟದಿಂದ ಮ್ಯಾಕ ನೆಳ್ಳದ, ಜನ ಇರ್ತಾರ. ಬಂಡಯಿಂದ ತಾಳುಬೆಟ್ಟಕೇಯ ಬಿಸ್ಲು. ಒತ್ತಾರೆಯೇ ಒಂಟ್ಬುಡ್ಬೇಕು’ ಎಂದಳು.

ನಂಜಮ್ಮ ಹೊಸಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು. ‘ಅಕ್ಕ, ಆ ಬಂಡ ಬಸ್ ನಿಲ್ಲ ಜಾಗ್ದಿಂದ ಈಚ್ಗೋ ಆಚ್ಗೋ?’

‘ಈಚ್ಗ ಕಣಮ್ಮಿ. ಅಲ್ಲಿ ಬಸ್ ನಿಲ್ಸಕಿಲ್ಲ.’

ನಂಜಮ್ಮ ಅವತ್ತು ಹಂಗಿಸಲಿಲ್ಲ.

ಸಂಕ್ರಾಂತಿಗೆ ಮುಂಚೆ ದೊಡ್ಡವ್ವ ತೀರಿಕೊಂಡಳು. ಸಾವಾದ ಮನೆಯವರು ವರ್ಷ ತುಂಬುವವರೆಗೆ ಬೆಟ್ಟ ಹತ್ತಬಾರದೆಂದು ಹೋದ ವರ್ಷದ ಶಿವರಾತ್ರಿಗೆ ಮನೆಯಿಂದ ಯಾರೂ ಹೊರಡಲಿಲ್ಲ.

ಈ ವರ್ಷ ನಂಜಮ್ಮ ನನ್ನನ್ನು ಕರೆದುಕೊಂಡು ಕೌದಳ್ಳಿಯಲ್ಲಿ ಬಸ್ಸಿಳಿದಳು. ಚಪ್ಪಲಿ ಹಾಕಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದಳು. ಬಂಡೆ ಇತ್ತು. ಚಪ್ಪಲಿ ಬಿಟ್ಟು ಚೀಲಕ್ಕೆ ಹಾಕಿಕೊಂಡಳು. ಸಂಜೆ ತಾಳುಬೆಟ್ಟದಿಂದ ಮನೆಗೆ ಫೋನು ಮಾಡಿ, ಬಿಸಿಲು ಅಕ್ಕ ಹೇಳಿದಷ್ಟೇ ಇತ್ತು ಎಂದಳು.